ಹುಬ್ಬಳ್ಳಿ–ಧಾರವಾಡ ರಸ್ತೆಯ ಗದ್ದಲಕ್ಕೆ ಏನು ಉಪಾಯ?



ಹುಬ್ಬಳ್ಳಿ ಮತ್ತು ಧಾರವಾಡ ಎರಡು ಊರು, ಆದರೆ ಬಹಳ ವರ್ಷ ಮಹಾನಗರ ಪಾಲಿಕೆ ಒಂದೇ ಇತ್ತು. ನಡುವಿನ ದೂರ ಸುಮಾರು 20 ಕಿಲೋಮೀಟರ್. ಧಾರವಾಡದಲ್ಲಿ ಜಿಲ್ಲಾಧಿಕಾರಿಗಳ ಕಚೇರಿ, ವಿಶ್ವವಿದ್ಯಾಲಯ ಇವೆ. ಹುಬ್ಬಳ್ಳಿಯಲ್ಲಿ ದೊಡ್ಡ ಪೇಟೆ, ದೊಡ್ಡ ಆಸ್ಪತ್ರೆ, ರೈಲ್ವೆ ಕಚೇರಿ ಇವೆ. ಹೀಗಾಗಿ ದಿನಾಲೂ ಸಾವಿರಾರು ಜನ ಈ ಕಡೆಯಿಂದ ಆ ಕಡೆಗೆ ಓಡಾಡ್ತಾರೆ. ನಮ್ಮ ಅಕ್ಕನೂ ಧಾರವಾಡದ ಮೇಲೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗ್ತಾಳೆ.

ರಸ್ತೆಯಲ್ಲಿ ಗದ್ದಲ ಯಾಕೆ ಆಗ್ತದೆ? ಒಂದು ಲೆಕ್ಕ ಮಾಡೋಣ. ನಮ್ಮ ತರಗತಿಯಲ್ಲಿ 36 ಮಂದಿ ಇದ್ದೇವೆ ಅಂತ ತಿಳಿಯಿರಿ. ಬೈಕಿಗೆ ಇಬ್ಬರಂತೆ ಹೋದರೆ 18 ಬೈಕು ಬೇಕು. ಕಾರಿಗೆ ನಾಲ್ವರಂತೆ ಹೋದರೆ 9 ಕಾರು ಬೇಕು. ಒಂದು ಕಾರು ಸುಮಾರು 4 ಮೀಟರ್ ಉದ್ದ. ಒತ್ತೊತ್ತಾಗಿ ನಿಲ್ಲಿಸಿದರೂ 36 ಮೀಟರ್ ಆಯಿತು. ಬಸ್ಸಾದರೆ ಒಂದೇ ಸಾಕು, ಉದ್ದ 12 ಮೀಟರ್! ಅಂದ್ರೆ ರಸ್ತೆ ಸಣ್ಣದಲ್ಲ, ನಾವು ಹೋಗುವ ರೀತಿ ದೊಡ್ಡದು.

ಆದರೆ ಬಸ್ಸೂ ಗದ್ದಲದಲ್ಲೇ ಸಿಕ್ಕಿಕೊಂಡರೆ ಯಾರು ಹತ್ತುತ್ತಾರೆ? ಅದಕ್ಕೇ ಬಸ್ಸಿಗೆ ಬೇರೆ ದಾರಿ ಬೇಕು. ಬ್ರೆಜಿಲ್ ದೇಶದ ಕುರಿಟಿಬಾ ನಗರದಲ್ಲಿ 1974ರಲ್ಲೇ ಹೀಗೆ ಮಾಡಿದರು. ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲಿ 'ಚಿಗರಿ' ಬಸ್ಸುಗಳ ಓಡಾಟ ಶುರುವಾಯಿತು. 2020ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ರಸ್ತೆಯ ನಟ್ಟನಡುವೆ ಬಸ್ಸಿಗೇ ದಾರಿ ಮಾಡಿದರು. ನಿಲ್ದಾಣವೂ ನಡುವೆಯೇ ಇರುವುದರಿಂದ ಬಾಗಿಲು ಬಲಗಡೆ. ಟಿಕೆಟ್ ಮೊದಲೇ ನಿಲ್ದಾಣದಲ್ಲಿ ತಗೋಬೇಕು. ಕಟ್ಟೆ ಬಸ್ಸಿನಷ್ಟೇ ಎತ್ತರ ಇರುವುದರಿಂದ ಮುದುಕರೂ ಸಲೀಸಾಗಿ ಹತ್ತಬಹುದು. ಇದರಿಂದ ಬಸ್ಸು ನಿಲ್ಲುವ ಹೊತ್ತು ಉಳಿಯುತ್ತದೆ.

'ನಡುವಿನ ದಾರಿ ಖಾಲಿ ಐತಿ, ನಮ್ಮನ್ನೂ ಬಿಡ್ರಿ' ಅಂತ ಕೆಲವರು ಹೇಳ್ತಾರೆ. ಪಕ್ಕದ ರಸ್ತೆ ಇಕ್ಕಟ್ಟಾಗಿದೆ ಎಂಬುದೂ ನಿಜ. ಆದರೆ ಎಲ್ಲ ಗಾಡಿಗಳನ್ನು ಬಿಟ್ಟರೆ ಅಲ್ಲಿಯೂ ಗದ್ದಲ, ಬಸ್ಸೂ ನಿಂತುಬಿಡುತ್ತದೆ.

ಇನ್ನೊಂದು ಉಪಾಯ ರೈಲು. ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳಿವೆ. ಹಳಿಯ ಮೇಲೆ ಕಾರು ಬೈಕುಗಳ ಕಾಟ ಇಲ್ಲ. ಆದರೆ ನಿಲ್ದಾಣ ಎಲ್ಲರ ಮನೆ ಹತ್ತಿರ ಇರೋದಿಲ್ಲ, ಕೆಲಸದ ಹೊತ್ತಿಗೆ ಸರಿಯಾಗಿ ಗಾಡಿಯೂ ಬೇಕು.

ಗೆಳೆಯರೇ, ಮುಖ್ಯ ಮಾತು ಇಲ್ಲಿದೆ. ದೊಡ್ಡ ರಸ್ತೆಯಲ್ಲಿ ಎಷ್ಟು ಒಳ್ಳೆಯ ಬಸ್ಸಿದ್ದರೂ ಅಲ್ಲಿಯ ತನಕ ಮುಟ್ಟಬೇಕಲ್ಲ? ನಮ್ಮೂರಿಗೆ ಬೆಳಿಗ್ಗೆ 7ಕ್ಕೆ ಒಂದು ಬಸ್ಸು, ಅದು ತಪ್ಪಿದರೆ 10ಕ್ಕೆ. ಅದಕ್ಕೇ ಅಕ್ಕ ಸಾಲ ಮಾಡಿ ಸ್ಕೂಟರ್ ಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಹಳ್ಳಿಗೆ ಹತ್ತು ಮಂದಿ ಹೀಗೆ ಮಾಡಿದರೆ ಹುಬ್ಬಳ್ಳಿ ರಸ್ತೆಗೆ ಎಷ್ಟು ಗಾಡಿ ಹೆಚ್ಚಾದವು, ನೀವೇ ಗುಣಿಸಿರಿ. 8 ಗಂಟೆಗೆ ಒಂದು ಬಸ್ಸು ಬಂದರೆ ಅಕ್ಕನ ಸಾಲವೂ ತಪ್ಪುತ್ತದೆ, ರಸ್ತೆಯೂ ಹಗುರಾಗುತ್ತದೆ. ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಾವೆಲ್ಲ ಸೇರಿ ಇದನ್ನೇ ಕೇಳೋಣ. ಅರ್ಜಿ ಬರೆಯಲು ಗುರುಗಳು ಸಹಾಯ ಮಾಡಬೇಕೆಂದು ವಿನಂತಿ.

– 7ನೇ ತರಗತಿ ವಿದ್ಯಾರ್ಥಿನಿ