ತಂತಿ ಕಳ್ಳರು ಮತ್ತು ಠಕ್ಕ ನರಿ

ಮಕ್ಕಳ ಕತೆಯಲ್ಲಿ ನರಿ ಬಂದರೆ ಹಿಂದೆಯೇ ‘ಠಕ್ಕ’ ಎಂಬ ಬಿರುದೂ ಬರುತ್ತದೆ. ಕಾಗೆಯನ್ನು ಹೊಗಳಿ ಹಾಡಿಸಿ, ಬಾಯಿಂದ ಬಿದ್ದ ರೊಟ್ಟಿ ಕಚ್ಚಿಕೊಂಡು ಓಡುವವನು ಠಕ್ಕ. ಬೈದರೂ ಬೈಗುಳದಲ್ಲಿ ಅರ್ಧ ಮೆಚ್ಚುಗೆ ಇರುತ್ತದೆ. ಇದರ ಒಡಹುಟ್ಟು ಹಿಂದಿಯ ‘ಠಗ್’ ಮಾತ್ರ ಕೊಲೆಗಡುಕನ ಹೆಸರಾಗಿ ಇಂಗ್ಲಿಷ್ ನಿಘಂಟು ಸೇರಿತು. ಎರಡೂ ಸಂಸ್ಕೃತದ ‘ಸ್ಥಗ’ದ ಮಕ್ಕಳೇ, ಮೂಲದಲ್ಲಿರುವುದು ಮರೆಮಾಚುವುದು, ಕೊಲ್ಲುವುದಲ್ಲ.

ಉರುಲು ಬಿಗಿದು ಕೊಲ್ಲುವ ಈ ಠಗ್ ದಾರಿಗಳ್ಳರು ಬ್ರಿಟಿಷರ ಕೈಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಆಸುಪಾಸಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಸಮಯಕ್ಕೆ ಸುಮಾರು ನೂರು ಜನ ಸೆರೆಯಾದರು. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಅವರ ಬಗ್ಗೆ ಲೇಖನ ಬರೆದ. ಶೀರ್ಷಿಕೆಯಲ್ಲಿದ್ದ ಹೆಸರು ‘ಫಾಸಿಗಾರ್’. ಫಾಸಿ ಎಂದರೆ ಉರುಲು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಗಲ್ಲಿಗೆ ‘ಫಾಶಿ’ ಎನ್ನುತ್ತಾರೆ. ಅವರಿಗೆ ಬೇರೆ ಬೇರೆ ಕಡೆ ಇದ್ದ ಹೆಸರುಗಳನ್ನೂ ಆತ ಗುರುತು ಹಾಕಿಕೊಂಡಿದ್ದ. ಉತ್ತರದಲ್ಲಿ ಠಗ್, ಕನ್ನಡದಲ್ಲಿ ‘ತಂತಿ ಕಳ್ಳರು’. ಲೋಹದ ತಂತಿಯ ಇಲ್ಲವೆ ಪ್ರಾಣಿಯ ನರದ ಉರುಲು ಹಾಕುವ ಕಳ್ಳರೆಂದು ಅರ್ಥವನ್ನೂ ಕೊಟ್ಟಿದ್ದ.

ಇಂಗ್ಲಿಷ್ ಅಕ್ಷರದಲ್ಲಿ ಅದು ‘ಟಾಂಟಿ ಕಲ್ಲೇರು’ ಎಂಬಂತೆ ಕಾಣುತ್ತದೆ. ಎರಡು ಸಲ ಬಾಯಿಬಿಟ್ಟು ಓದಿದರೆ ನಮ್ಮ ಮಾತು ಹೊರಬರುತ್ತದೆ! ಉತ್ತರದವರು ಅವರ ಕಪಟ ನೋಡಿ ಹೆಸರಿಟ್ಟರು, ನಮ್ಮವರು ಉಪಕರಣ ನೋಡಿ ಇಟ್ಟರು. ಠಕ್ಕ ಎಂಬ ಪದ ಮನೆಯಲ್ಲೇ ಇದ್ದರೂ ಕೈಗೆತ್ತಿಕೊಳ್ಳಲಿಲ್ಲ. ನರಿಗೆ ಇಟ್ಟ ಹೆಸರು ಇಂಥವರಿಗೆ ತೀರಾ ಹಗುರವೆನಿಸಿರಬೇಕು ಎಂದು ನನ್ನ ಊಹೆ.

ಮುಂದೆ ಜಬಲ್ಪುರದ ಕಡೆಯ ಅಧಿಕಾರಿ ವಿಲಿಯಂ ಸ್ಲೀಮನ್, ಮಾಫಿ ಸಾಕ್ಷಿಗಳಾದ ಠಗ್ಗರ ಬಾಯಿಂದಲೇ ಅವರ ಗುಪ್ತಭಾಷೆಯ ಪದಗಳನ್ನು ಬರೆದುಕೊಂಡು 1836ರಲ್ಲಿ ‘ರಾಮಸೀಯಾನಾ’ ಪ್ರಕಟಿಸಿದ. ತಂಬಾಕು ಹಾಕಿಕೊಳ್ಳಿ ಎನ್ನುವಂಥ ಉಪಚಾರದ ಮಾತೇ ಕೊರಳು ಬಿಗಿಯಲು ಸನ್ನೆ. ಬಿಗಿಯುತ್ತಿದ್ದದ್ದು ಹೆಚ್ಚಾಗಿ ತಂತಿಯಿಂದಲ್ಲ, ರುಮಾಲಿನಿಂದ. ಮೂರು ವರ್ಷದ ಬಳಿಕ ಠಗ್ಗರನ್ನೇ ಕುರಿತ ಮೆಡೋಸ್ ಟೇಲರ್‌ನ ಕಾದಂಬರಿ ಬಂತು. ನಮ್ಮ ಸುರಪುರದವರು ಇಂದಿಗೂ ನೆನೆಯುವ ಅದೇ ಟೇಲರ್ ಸಾಹೇಬ. ಕಾದಂಬರಿಯ ಬೆನ್ನೇರಿ ‘ಠಗ್’ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಆಮೇಲೆ ಸವೆದು ಸವೆದು, ಈಗ ಇಂಗ್ಲಿಷಿನಲ್ಲಿ ಬೀದಿರೌಡಿಗೂ ಅದೇ ಹೆಸರು.

‘ತಂತಿ ಕಳ್ಳರು’ ಎಂದು ಇವತ್ತು ಹಳ್ಳಿಯಲ್ಲಿ ಹೇಳಿ ನೋಡಿ. ರೈತ ತಕ್ಷಣ ತನ್ನ ಪಂಪ್‌ಸೆಟ್ಟಿನ ತಾಮ್ರದ ವೈರು ಇದೆಯೋ ಇಲ್ಲವೋ ಎಂದು ತೋಟದ ಕಡೆ ಓಡುತ್ತಾನೆ.