ಮೆಚ್ಚಲಾಗದ ನಾಯಕನ ಜೊತೆಯಲ್ಲಿ

ಕಾದಂಬರಿಯೊಂದನ್ನು ಮೆಚ್ಚಬೇಕಾದರೆ ಅದರ ನಾಯಕನನ್ನೂ ಮೆಚ್ಚಲೇಬೇಕೆ? ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ನಮ್ಮ ಮುಂದಿಡುವ ಕೃತಿಯೊಂದನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅದು ಮಾರ್ಕ್ ಲಾರೆನ್ಸ್ ಇಂಗ್ಲಿಷಿನಲ್ಲಿ ಬರೆದು, 2011ರಲ್ಲಿ ಪ್ರಕಟವಾದ 'ಪ್ರಿನ್ಸ್ ಆಫ್ ಥಾರ್ನ್ಸ್', ಅಂದರೆ ಮುಳ್ಳುಗಳ ರಾಜಕುಮಾರ. ಫ್ಯಾಂಟಸಿಯಲ್ಲಿಯೇ ಕರಾಳವಾದ ಪ್ರಭೇದಕ್ಕೆ ಸೇರಿದ ಕಥೆಯಿದು. ಇಲ್ಲಿ ಮಾಟವುಂಟು, ಪ್ರೇತಗಳುಂಟು. ಕೊನೆಗೆ ಧರ್ಮವೇ ಗೆಲ್ಲುವುದೆಂಬ ಭರವಸೆ ಮಾತ್ರ ಇಲ್ಲ.

ನಾಯಕ ಜಾರ್ಗ್ ಒಬ್ಬ ಅರಸುಮಗ. 9ನೆಯ ವಯಸ್ಸಿನಲ್ಲಿ ಮುಳ್ಳುಪೊದೆಯೊಂದರಲ್ಲಿ ಸಿಲುಕಿ, ಮಿಸುಕಲಾರದೆ, ತಾಯಿಯೂ ತಮ್ಮನೂ ಕೊಲೆಯಾಗುವುದನ್ನು ಕಣ್ಣಾರೆ ಕಂಡವನು. ಕೊಲ್ಲಿಸಿದ ಕೌಂಟ್ ರೆನಾರ್‌ನ ಮೇಲೆ ತಂದೆ ದಂಡೆತ್ತಿ ಹೋಗಲಿಲ್ಲ. ಪರಿಹಾರ ಪಡೆದು ಸಂಧಿ ಮಾಡಿಕೊಂಡ. ಹುಡುಗ ಅರಮನೆಯನ್ನು ತೊರೆದು ದರೋಡೆಕೋರರನ್ನು ಕೂಡಿಕೊಂಡ. 13 ತುಂಬುವ ಹೊತ್ತಿಗೆ ಅವರ ಮುಖಂಡನಾದ. 15ಕ್ಕೆ ರಾಜನಾಗುವೆನೆಂಬುದು ಅವನ ಪಣ.

ಈ ಕ್ರಮದಲ್ಲಿ ಹೇಳಿದರೆ ಯಾರ ಮನಸ್ಸಾದರೂ ಕರಗುತ್ತದೆ. ಆದರೆ ಲಾರೆನ್ಸ್ ಹೀಗೆ ಹೇಳುವುದಿಲ್ಲ. ಕೃತಿ ತೆರೆಯುವುದು ಆಗತಾನೆ ಸೂರೆಯಾದ ಹಳ್ಳಿಯೊಂದರಲ್ಲಿ, ಹೆಣಗಳ ನಡುವೆ. ಕೊಳ್ಳೆ ಹೊಡೆದ ಹುಡುಗನೇ ಅದನ್ನು ಲಘುವಾಗಿ ಬಣ್ಣಿಸುತ್ತಾನೆ. ಮುಳ್ಳುಪೊದೆಯ ಸಂಗತಿ ನಮಗೆ ತಿಳಿಯುವುದು ಆಮೇಲೆ, ನಾಲ್ಕು ವರ್ಷ ಹಿಂದಕ್ಕೆ ಹೋಗುವ ಅಧ್ಯಾಯಗಳಲ್ಲಿ. ಗಾಯವನ್ನು ಮೊದಲು ಕಂಡಿದ್ದರೆ ಅಪರಾಧವನ್ನು ಮುಂಗಡವಾಗಿಯೇ ಕ್ಷಮಿಸಿಬಿಡುತ್ತಿದ್ದೆವು. ಅಪರಾಧವನ್ನು ಮೊದಲು ಕಂಡದ್ದರಿಂದ, ತಡವಾಗಿ ಬಂದ ಕನಿಕರ ಕ್ಷಮೆಯಾಗಿ ಮಾರ್ಪಡುವುದಿಲ್ಲ. ಕೇಡಿಗೆ ಕಾರಣವನ್ನು ತಿಳಿಯುವುದು ಬೇರೆ, ಕೇಡನ್ನು ಮನ್ನಿಸುವುದು ಬೇರೆ. ಈ ಕೃತಿ ಕಲಿಸುವ ವಿವೇಕ ಇದೇ ಎಂದು ನನ್ನ ಭಾವನೆ.

ಆದರೆ ಈ ವಿವೇಕವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಕಥೆಯನ್ನು ಹೇಳುವವನು ಜಾರ್ಗ್‌ನೇ. ಅವನು ಓದಿಕೊಂಡವನು, ಮಾತಿನಲ್ಲಿ ಚುರುಕು. ಅವನ ಕುಹಕಕ್ಕೆ ನಗುತ್ತೇವೆ. ನಕ್ಕಮೇಲೆ, ಯಾವುದಕ್ಕೆ ನಕ್ಕೆವೆಂದು ನಾಚುತ್ತೇವೆ. 1962ರಲ್ಲಿ ಆಂಟನಿ ಬರ್ಜೆಸ್ ತಮ್ಮ 'ಎ ಕ್ಲಾಕ್‌ವರ್ಕ್ ಆರೆಂಜ್' ಕಾದಂಬರಿಯಲ್ಲಿ ಅಲೆಕ್ಸ್ ಎಂಬ ಹದಿಹರೆಯದ ಪುಂಡನ ಬಾಯಿಂದಲೇ ಅವನ ಕ್ರೌರ್ಯವನ್ನು ಹೇಳಿಸಿದ್ದರು. ಜಾರ್ಗ್‌ಗೆ ಆ ಅಲೆಕ್ಸನೇ ಪ್ರೇರಣೆಯೆಂದು ಲಾರೆನ್ಸ್ ಒಪ್ಪಿಕೊಂಡಿದ್ದಾರೆ.

ಈ ದನಿಯ ಮೋಡಿಗೆ ನಾವು ತೆರುವ ಬೆಲೆ ಗೆಲ್ಲೆತ್ ಕೋಟೆಯ ಪ್ರಸಂಗದಲ್ಲಿ ಗೊತ್ತಾಗುತ್ತದೆ. ಅದನ್ನು ಗೆದ್ದು ಬಾ ಎಂದು ತಂದೆ ಮಗನಿಗೆ ಸವಾಲೊಡ್ಡುತ್ತಾನೆ. ಹೇಗಾದರೂ ಗೆಲ್ಲಲಿ ಎಂದು ಓದುಗನ ಮನಸ್ಸು ಬಯಸುತ್ತದೆ. ಮಧ್ಯಯುಗದಂತೆ ಕಾಣುವ ಈ ಲೋಕ ವಾಸ್ತವವಾಗಿ ನಮ್ಮದೇ ಭವಿಷ್ಯ. ಮಹಾವಿನಾಶವೊಂದರ ಬಳಿಕ ಉಳಿದ ಜಗತ್ತು. ಹಿಂದಿನವರ ಘೋರಾಸ್ತ್ರವೊಂದು ಆ ಬೆಟ್ಟದಡಿಯಲ್ಲಿ ಹುದುಗಿದೆ. ಜಾರ್ಗ್ ಅದನ್ನು ಸಿಡಿಸುತ್ತಾನೆ. ಕೋಟೆಯೊಡನೆ ಅಲ್ಲಿಯ ಜನವೂ ನಾಶವಾಗುತ್ತದೆ. ನಾವು ಹಾರೈಸಿದ ಗೆಲುವು ಇದೇ ಎಂದು ಅರಿವಾದಾಗ, ಓದುವುದು ನಿರಪಾಯಕರವೆಂಬ ನಂಬಿಕೆ ಅಲುಗಾಡುತ್ತದೆ.

ಆಕ್ಷೇಪಣೆಗೂ ಎಡೆಯುಂಟು. ಮೊದಲ ಪುಟಗಳಲ್ಲಿಯೇ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರದ ಸೂಚನೆಯಿದೆ, ನೊಂದವರಿಗೆ ದನಿಯಿಲ್ಲ. ಎಲ್ಲವನ್ನೂ ಜಾರ್ಗ್‌ನ ಕಣ್ಣಿನಿಂದಲೇ ಕಾಣಬೇಕಾದಾಗ ಈ ಕೊರತೆ ಅನಿವಾರ್ಯವೆನ್ನಬಹುದು. ಅನಿವಾರ್ಯವಾದ ಮಾತ್ರಕ್ಕೆ ಅದು ಕೊರತೆಯಲ್ಲವೆಂದಾಗದು. ಅಲ್ಲಿಗೇ ಪುಸ್ತಕ ಮುಚ್ಚುವ ಓದುಗನನ್ನು ಅರಸಿಕನೆಂದು ಹಳಿಯಲಾರೆ.

ಮುಂದೆ ಓದುವವರಿಗೆ ನನ್ನದೊಂದು ಸೂಚನೆ. ನಾಯಕನಲ್ಲಿ ಒಳ್ಳೆಯತನವನ್ನು ಹುಡುಕುತ್ತ ಹೋಗಬೇಡಿ. ನಿಮ್ಮ ಒಲವು ಯಾವ ಪುಟದಲ್ಲಿ ಅವನ ಕಡೆಗೆ ವಾಲಿತೆಂಬುದನ್ನು ಗಮನಿಸುತ್ತ ಹೋಗಿ. ಸಹೃದಯನೆಂದರೆ ಕಥೆಗಾರನ ದನಿಗೆ ಮನಸ್ಸನ್ನು ಒಪ್ಪಿಸಿಬಿಡುವವನಲ್ಲ. ಅದಕ್ಕೆ ಕಿವಿಗೊಟ್ಟೂ ತನ್ನ ತೀರ್ಪನ್ನು ತಾನೇ ಕೊಡಬಲ್ಲವನು.