ಬಚ್ಚಲುಮನೆಯ ಕೆಂಪು ದೀಪ

ಫಿಲ್ಮ್ ಕ್ಯಾಮೆರಾ ಹಿಡಿದು ಮೈಸೂರಿನ ನಮ್ಮ ಮನೆಗೆ ಬರುವ ಹುಡುಗ ಹುಡುಗಿಯರನ್ನು ನಾನು ಮೊದಲು ಕೇಳುವುದು ‘ನೆಗೆಟಿವ್ ಎಲ್ಲಿ?’ ಎಂದು. ಬಹಳ ಜನರ ಹತ್ತಿರ ಅದು ಇರುವುದಿಲ್ಲ. ‘ಲ್ಯಾಬಿನವರು ಸ್ಕ್ಯಾನ್ ಮಾಡಿ ಮೊಬೈಲಿಗೇ ಕಳಿಸಿದ್ರಲ್ಲ ಅಕ್ಕಾ, ಅದನ್ನ ತರೋಕೆ ಹೋಗ್ಲಿಲ್ಲ’ ಎನ್ನುತ್ತಾರೆ. ದುಬಾರಿ ರೋಲು ಕೊಂಡು, ಮೂವತ್ತಾರು ಚಿತ್ರಗಳನ್ನು ಅಳೆದು ತೂಗಿ ತೆಗೆದು, ಕೊನೆಗೆ ಅಸಲನ್ನೇ ಅಂಗಡಿಯಲ್ಲಿ ಬಿಟ್ಟುಬರುತ್ತಾರೆ. ಫಿಲ್ಮ್ ಮರಳಿತು ಎಂದು ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಆದರೆ ಮರಳಿರುವುದು ಅರ್ಧ ಮಾತ್ರ. ಉಳಿದ ಅರ್ಧ ಡಾರ್ಕ್‌ರೂಮಿನಲ್ಲಿ, ಕಾಗದದ ಮೇಲೆ ಆಗಬೇಕಾದ ಕೆಲಸ.

2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಫಿಲ್ಮಿನ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಅದೇ ವರ್ಷ ನಿಂತುಹೋದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು ಅದೇ ಕಂಪನಿ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಇಲ್‌ಫರ್ಡ್ ಕಪ್ಪುಬಿಳುಪು ಫಿಲ್ಮ್ ತಯಾರಿಸುವ ಇಂಗ್ಲೆಂಡಿನ ಹರ್ಮನ್ ಕಂಪನಿ 2023ರ ಕೊನೆಯಲ್ಲಿ ಫೀನಿಕ್ಸ್ ಎಂಬ ಬಣ್ಣದ ಫಿಲ್ಮ್ ಹೊರತಂದಿತು. 2024ರಲ್ಲಿ ಪೆಂಟ್ಯಾಕ್ಸ್ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾವನ್ನೇ ಮಾಡಿತು. ಇಷ್ಟೆಲ್ಲ ಆಗುವಾಗ ನನಗೆ ನೆನಪಾಗುವುದು ಬಂಡೀಪುರದ ಕಾಡು ದಾಟಿದರೆ ಸಿಗುವ ಊಟಿ. ಅಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 1967ರಿಂದ ಉತ್ಪಾದನೆ ನಡೆಸಿ, ‘ಇಂದು’ ಹೆಸರಿನಲ್ಲಿ ದೇಶಕ್ಕೆಲ್ಲ ಫಿಲ್ಮ್ ಕೊಡುತ್ತಿತ್ತು. ಅದು ಮುಚ್ಚಿತು. ಇವತ್ತು ಹವ್ಯಾಸಿಗಳು ಕ್ಯಾಮೆರಾಗೆ ಹಾಕುವ ಹೊಸ ರೋಲು ಪರದೇಶದಿಂದ ಬರಬೇಕು, ಸುಂಕವನ್ನೂ ಹೊತ್ತು ಬರಬೇಕು.

ಡಾರ್ಕ್‌ರೂಮ್ ಎಂದ ಕೂಡಲೇ ಜನ ಹೆದರುತ್ತಾರೆ. ಫಿಲ್ಮ್ ತೊಳೆಯುವುದಕ್ಕೆ ಡಾರ್ಕ್‌ರೂಮೇ ಬೇಡ. ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ರೋಲನ್ನು ತಡವಿಕೊಂಡೇ ಸುರುಳಿಗೆ ಸುತ್ತಿ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದರೆ, ಮುಂದಿನದೆಲ್ಲ ಹಗಲು ಬೆಳಕಿನಲ್ಲಿ ಅಡುಗೆಮನೆ ಕಟ್ಟೆಯ ಮೇಲೇ ಮಾಡಬಹುದು. ಜೆಲಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಲವಣದ ಹರಳುಗಳಲ್ಲಿ ಬೆಳಕು ತಾಕಿದವು ಮಾತ್ರ ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತವೆ. ಉಳಿದವನ್ನು ಹೈಪೋ ಎಂಬ ದ್ರಾವಣ ಕರಗಿಸಿ ತೆಗೆಯುತ್ತದೆ. ಹೈಪೋಗೆ ಆ ಗುಣವಿದೆಯೆಂದು ಜಾನ್ ಹರ್ಷಲ್ ಕಂಡುಕೊಂಡದ್ದು 1819ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವ ಇಪ್ಪತ್ತು ವರ್ಷ ಮೊದಲೇ. ನಾನು ಬಳಸುವ ಡಿ-76 ಡೆವಲಪರ್ 1927ರದ್ದು, ಇನ್ನೂ ಅದಕ್ಕೆ ಸರಿಸಾಟಿ ಕಡಿಮೆ.

ಡೆವಲಪರ್ ಸಿಗದಿದ್ದರೆ ಕಾಫಿ ಇದೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದರೆ ಫಿಲ್ಮ್ ತೊಳೆಯಬಹುದು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ತರಗತಿಯೊಂದು 1995ರಲ್ಲಿ ಕಾಫಿ ಮತ್ತು ಸೋಡಾದಿಂದ ಇದನ್ನು ಮಾಡಿ ತೋರಿಸಿತು, ವಿಟಮಿನ್ ಸಿ ಆಮೇಲೆ ಸೇರಿತು. ಇಲ್ಲಿ ಕೆಲಸ ಮಾಡುವುದು ಕೆಫೀನ್ ಎಂದು ಅನೇಕರು ಭಾವಿಸುತ್ತಾರೆ. ಮಾಡುವುದು ಕೆಫೀಕ್ ಆಮ್ಲ. ಹಾಗಾಗಿ ಘಮಘಮಿಸುವ ಅರೇಬಿಕಾಕ್ಕಿಂತ ನಮ್ಮ ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೋಬಸ್ಟಾ ಜಾತಿಯ ಅಗ್ಗದ ಪುಡಿಯೇ ಇದಕ್ಕೆ ಒಳ್ಳೆಯದು.

ನಮ್ಮ ಕಡೆ ನಿಜವಾದ ತೊಡಕು ನೀರಿನದು. ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಅದಕ್ಕಿಂತ ಎಷ್ಟೋ ಬೆಚ್ಚಗಿನ ನೀರು. ಡಿ-76ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಬೇಡುವ ಎಚ್‌ಪಿ5 ಫಿಲ್ಮ್ ಬಿಸಿ ಏರಿದಂತೆ ಬೇಗ ಮುಗಿಯುತ್ತದೆ, ಐದು ನಿಮಿಷಕ್ಕಿಂತ ಕೆಳಗಿಳಿದರೆ ಕಲೆ ಕಲೆಯಾಗುವ ಭಯ. ಅದಕ್ಕೆ ಬಕೆಟ್ಟಿನಲ್ಲಿ ಐಸ್ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸುತ್ತೇನೆ. ಬೋರ್‌ವೆಲ್ ನೀರಿನ ಗಡಸಿಗೆ ನೆಗೆಟಿವಿನ ಮೇಲೆ ಬಿಳಿ ಚುಕ್ಕಿ ಉಳಿಯುತ್ತವೆ, ಕೊನೆಯ ಅದ್ದಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರಬೇಕು. ನೀರು ಪೋಲಾಗುವ ಚಿಂತೆಯೂ ಬೇಡ. ಟ್ಯಾಂಕಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ ಮಾಡಿದರೆ ಫಿಲ್ಮ್ ಶುದ್ಧ. ಇದು ಇಲ್‌ಫರ್ಡ್‌ನವರೇ ಹೇಳಿಕೊಟ್ಟ ಕ್ರಮ. ಬೇಸಿಗೆಯ ನೀರಿನ ಬರ ಕಂಡವರಿಗೆ ಇದರ ಬೆಲೆ ಗೊತ್ತು.

ಪ್ರಿಂಟ್ ಮಾಡುವುದಕ್ಕೆ ಮಾತ್ರ ಕತ್ತಲೆ ಬೇಕೇ ಬೇಕು. ನನ್ನದು ಬಚ್ಚಲುಮನೆ. ಕಿಟಕಿಗೆ ಕಪ್ಪು ರೆಕ್ಸಿನ್, ಬಾಗಿಲ ಸಂದಿಗೆ ಹಳೆಯ ಕಂಬಳಿ, ಹಲಗೆಯ ಮೇಲೆ ನೆಗೆಟಿವಿನ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್ಲಾರ್ಜರ್, ನೆಲದಲ್ಲಿ ಮೂರು ಟ್ರೇ. ಕಪ್ಪುಬಿಳುಪು ಪ್ರಿಂಟಿನ ಕಾಗದ ನೀಲಿ, ಹಸಿರು ಬೆಳಕಿಗೆ ಮಾತ್ರ ಸ್ಪಂದಿಸುವುದರಿಂದ ಕೆಂಪು ದೀಪ ಹಚ್ಚಿಕೊಳ್ಳಬಹುದು. ದೀಪವನ್ನು ಸುಮ್ಮನೆ ನಂಬಬಾರದು. ಕಾಗದದ ತುಂಡಿಗೆ ಎನ್ಲಾರ್ಜರಿನಿಂದ ಮಸುಕು ಬೂದು ಬರುವಷ್ಟು ಬೆಳಕು ಕೊಟ್ಟು, ಮೇಲೆ ನಾಣ್ಯವಿಟ್ಟು, ಕೆಂಪು ದೀಪದಡಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಬೇಕು. ನಾಣ್ಯದ ಗುರುತು ಮೂಡಿದರೆ ಆ ದೀಪ ಬೇಡ.

ಆಮೇಲಿನದು ಕೈಯ ಕೆಲಸ. ಎನ್ಲಾರ್ಜರಿನ ಬೆಳಕು ಬೀಳುತ್ತಿರುವಾಗ ಮುಖದ ಮೇಲೆ ಅಂಗೈ ಆಡಿಸಿದರೆ ಮುಖ ತಿಳಿಯಾಗುತ್ತದೆ, ಆಕಾಶಕ್ಕೆ ಇನ್ನಷ್ಟು ಬೆಳಕು ಕೊಟ್ಟರೆ ಮೋಡ ಕಾಣಿಸಿಕೊಳ್ಳುತ್ತದೆ. ಮಲ್ಟಿಗ್ರೇಡ್ ಕಾಗದವಾದರೆ ಮೆಜೆಂಟಾ ಫಿಲ್ಟರ್ ಹಾಕಿ ಕಪ್ಪುಬಿಳುಪಿನ ಅಂತರ ಹೆಚ್ಚಿಸಬಹುದು, ಹಳದಿ ಹಾಕಿ ತಗ್ಗಿಸಬಹುದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥವರ ಕಪ್ಪುಬಿಳುಪು ಕಾಡುಚಿತ್ರಗಳಲ್ಲಿ ನೆರಳಿನೊಳಗೂ ವಿವರ ಉಸಿರಾಡುತ್ತದೆ. ಅದರ ಅರ್ಧ ಗುಟ್ಟು ಕಾಡಿನಲ್ಲಿದ್ದರೆ ಇನ್ನರ್ಧ ಪ್ರಿಂಟಿನಲ್ಲಿ. ಇದನ್ನು ಸ್ಕ್ರೀನಿನಲ್ಲಿ ನೋಡಿ ಕಲಿಯಲಾಗದು, ಒದ್ದೆ ಕಾಗದ ಕೈಯಲ್ಲಿ ಹಿಡಿಯಬೇಕು.

ನನ್ನ ಆತಂಕವೂ ಕಾಗದದ ಬಗ್ಗೆಯೇ. ಕೊಡಾಕ್ 2005ರಲ್ಲೇ ಕಪ್ಪುಬಿಳುಪು ಕಾಗದ ಬಿಟ್ಟಿತು. ಅದೇ ವರ್ಷ ಜರ್ಮನಿಯ ಆಗ್ಫಾ ಫೋಟೋ ಮುಳುಗಿತು. ಈಗ ಮುಖ್ಯವಾಗಿ ಉಳಿದಿರುವವರು ಹರ್ಮನ್, ಮತ್ತು 1921ರಿಂದ ನಡೆಯುತ್ತಿರುವ ಚೆಕ್ ದೇಶದ ಫೋಮಾ. ಫಿಲ್ಮ್ ಕೊಂಡು ಸ್ಕ್ಯಾನಿಗೆ ನಿಲ್ಲಿಸುವವರ ಸಂಖ್ಯೆ ಎಷ್ಟೇ ಏರಲಿ, ಕಾಗದದ ಕಾರ್ಖಾನೆಗೆ ಅದರಿಂದ ಒಂದು ಹಾಳೆಯೂ ಹೆಚ್ಚಿಗೆ ಮಾರಾಟವಾಗುವುದಿಲ್ಲ. ಪ್ರಿಂಟ್ ಮಾಡುವವರು ಹೆಚ್ಚಿದರೆ ಮಾತ್ರ ಕಾಗದ ಉಳಿಯುತ್ತದೆ.

ಪ್ರತಿ ಮನೆಗೊಂದು ಡಾರ್ಕ್‌ರೂಮ್ ಆಗಲಿ ಎಂದು ನಾನು ಹೇಳುವುದಿಲ್ಲ, ಅಪಾರ್ಟ್‌ಮೆಂಟಿನ ಬಾಡಿಗೆ ಮನೆಗಳಲ್ಲಿ ಅದು ಕಷ್ಟ. ಒಂದು ಊರಿಗೆ ಒಂದು ಸಾಕು, ನಾಲ್ಕಾರು ಜನ ಖರ್ಚು ಹಂಚಿಕೊಂಡು ಸರದಿಯಲ್ಲಿ ಬಳಸಲಿ. ಅಂಥ ಕಡೆ ಬಳಸಿದ ಹೈಪೋವನ್ನು ಮೋರಿಗೆ ಸುರಿಯಬಾರದು, ಅದರಲ್ಲಿ ಕರಗಿರುವ ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಡಬ್ಬದಲ್ಲಿ ಕೂಡಿಟ್ಟು ಎಕ್ಸ್‌ರೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ಕೊಡಬೇಕು. ಇನ್ನು ಸಲಕರಣೆ. ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ ಎನ್ಲಾರ್ಜರುಗಳು ಇನ್ನೂ ಇವೆ. ನಿಮ್ಮ ತಂದೆಯೋ ಅಜ್ಜನೋ ಸ್ಟುಡಿಯೋ ಇಟ್ಟಿದ್ದರೆ ದಯವಿಟ್ಟು ಅಲ್ಲಿನ ಎನ್ಲಾರ್ಜರನ್ನು ಗುಜರಿಗೆ ಹಾಕಬೇಡಿ. ಲೆನ್ಸ್ ಬಿಚ್ಚಿ ಬೆಳಕಿಗೆ ಹಿಡಿದು ಫಂಗಸ್ ಇದೆಯೇ ನೋಡಿ, ಕಂಬ ಅಲುಗಾಡುತ್ತದೆಯೇ ನೋಡಿ. ಬಲ್ಬು ಸುಟ್ಟಿದ್ದರೆ, ವೈರು ಹರಿದಿದ್ದರೆ ಯೋಚನೆ ಬೇಡ, ಅವನ್ನು ಬದಲಾಯಿಸಬಹುದು. ನಿಮಗೆ ಬೇಡವಾದರೆ ಫಿಲ್ಮ್ ಹಿಡಿದು ಓಡಾಡುವ ಯಾವುದಾದರೂ ಹುಡುಗಿಯ ಕೈಗೆ ಕೊಡಿ, ಹಳೆಯ ನೆಗೆಟಿವ್ ಡಬ್ಬಗಳಿದ್ದರೆ ಅವನ್ನೂ ಸೇರಿಸಿ.